ಹನ್ನೆರಡು ವಾರ ಕಲಿತದ್ದು, ತರಗತಿಯಲ್ಲಿ ನೋಡಿದ್ದು: ಶೈಕ್ಷಣಿಕ ಮನೋವಿಜ್ಞಾನದ ಆನ್‌ಲೈನ್ ಕೋರ್ಸಿನ ನನ್ನ ಅನುಭವ

52ರಲ್ಲಿ 27 ಕಳೆದರೆ 35 ಎಂದು ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಹುಡುಗನೊಬ್ಬ ಬರೆದಿದ್ದ. ಹದಿನೆಂಟು ವರ್ಷಗಳಿಂದ ಮಾಡಿಕೊಂಡು ಬಂದಂತೆ ನಾನು ಅದಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ‘ಗಮನವಿಟ್ಟು ಮಾಡು’ ಎಂದು ಬರೆದು ಪುಸ್ತಕ ಹಿಂದಿರುಗಿಸಿದೆ. ಮರುದಿನ ಅದೇ ಹುಡುಗ 83ರಲ್ಲಿ 46 ಕಳೆದು 43 ಎಂದೂ, 61ರಲ್ಲಿ 38 ಕಳೆದು 37 ಎಂದೂ ಬರೆದುಕೊಂಡು ಬಂದ. ಅಂಕಿಗಳು ದುಂಡಗಿದ್ದವು, ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಸರಿಯಾಗಿ ಕೂತಿದ್ದವು, ಗೆರೆಯನ್ನು ಸ್ಕೇಲ್ ಇಟ್ಟು ಎಳೆದಿದ್ದ. ಗಮನವಿಲ್ಲದ ಮಗು ಬರೆಯುವ ಪುಟ ಅದಾಗಿರಲಿಲ್ಲ. ಆ ಪುಟದ ಮುಂದೆ ಕುಳಿತಾಗ, ಈ ಮಗುವಿನ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದು ನನಗೆ ತಿಳಿಯದು, ತಿಳಿಯದೆಯೇ ಇಷ್ಟು ವರ್ಷ ಗಣಿತ ಕಲಿಸಿದ್ದೇನೆ ಎಂಬ ಸಂಕಟ ಮೊದಲ ಬಾರಿಗೆ ಬಲವಾಗಿ ಕಾಡಿತು. ಶೈಕ್ಷಣಿಕ ಮನೋವಿಜ್ಞಾನವನ್ನು ಮತ್ತೆ ಓದಬೇಕೆಂದು ನಾನು ನಿರ್ಧರಿಸಿದ್ದು ಆ ವಾರದಲ್ಲಿಯೇ.

‘ಮತ್ತೆ’ ಎನ್ನಲು ಕಾರಣವಿದೆ. ಶಿಕ್ಷಕ ತರಬೇತಿಯ ಡಿ.ಇಡಿ. ಓದುವಾಗ ಈ ವಿಷಯ ನಮಗೂ ಇತ್ತು. ಮಕ್ಕಳ ಚಿಂತನೆ ಬೆಳೆಯುವ ಬಗೆಯ ಬಗ್ಗೆ ಪಿಯಾಜೆ ಹೇಳಿದ ನಾಲ್ಕು ಹಂತಗಳು, ಥಾರ್ನ್‌ಡೈಕನ ಕಲಿಕೆಯ ನಿಯಮಗಳು, ಪಾವ್ಲೋವನ ನಾಯಿ ಎಲ್ಲವನ್ನೂ ಐದು ಅಂಕದ ಉತ್ತರಗಳಾಗಿ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಒಳ್ಳೆಯ ಅಂಕ ಪಡೆದು ಮರೆತಿದ್ದೆ. ಈ ಬಾರಿ ಹಾಗಾಗಬಾರದೆಂಬ ಒಂದೇ ಹಟದಿಂದ, ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ ಎಂಬ ಆನ್‌ಲೈನ್ ಕಲಿಕೆಯ ವೇದಿಕೆಯಲ್ಲಿ ಹನ್ನೆರಡು ವಾರಗಳ ಒಂದು ಕೋರ್ಸಿಗೆ ಹೆಸರು ನೋಂದಾಯಿಸಿದೆ. ಕಲಿಯಲು ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಿದ್ದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ವಾರಕ್ಕೆ ನಾಲ್ಕೈದು ವಿಡಿಯೊ ಪಾಠಗಳು, ಅವುಗಳ ಜೊತೆಗೆ ಓದುವ ಸಾಮಗ್ರಿ, ವಾರಕ್ಕೊಂದು ಅಸೈನ್‌ಮೆಂಟ್, ಕೊನೆಯಲ್ಲಿ ಕೇಂದ್ರಕ್ಕೆ ಹೋಗಿ ಬರೆಯಬೇಕಾದ ಮೂರು ಗಂಟೆಯ ಪರೀಕ್ಷೆ. ಹನ್ನೆರಡು ಅಸೈನ್‌ಮೆಂಟುಗಳಲ್ಲಿ ಹೆಚ್ಚು ಅಂಕ ಬಂದ ಎಂಟನ್ನು ಲೆಕ್ಕಕ್ಕೆ ತೆಗೆದುಕೊಂಡು ಶೇ. 25, ಅಂತಿಮ ಪರೀಕ್ಷೆಗೆ ಶೇ. 75 ಎಂಬುದು ನನ್ನ ಕೋರ್ಸಿನ ಮೌಲ್ಯಮಾಪನ ಕ್ರಮವಾಗಿತ್ತು.

ಮೊದಲ ಮೂರು ವಾರ ನಾನು ಓದಿದ ರೀತಿ ತಪ್ಪಾಗಿತ್ತು. ಅದನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ, ಏಕೆಂದರೆ ಆನ್‌ಲೈನಿನಲ್ಲಿ ಕಲಿಯಲು ಹೊರಟ ಬಹುತೇಕ ಶಿಕ್ಷಕರು ಬೀಳುವ ಹಳ್ಳ ಇದೇ ಎಂದು ನನಗೆ ಅನ್ನಿಸಿದೆ. ರಾತ್ರಿ ಅಡುಗೆಮನೆಯ ಕೆಲಸ ಮುಗಿದ ಮೇಲೆ ಮೊಬೈಲ್ ಹಿಡಿದು ಕೂರುತ್ತಿದ್ದೆ. ಪಾಠ ಮಾಡುವ ಪ್ರಾಧ್ಯಾಪಕರು ಬಹಳ ಚೆನ್ನಾಗಿ ವಿವರಿಸುತ್ತಿದ್ದರು, ನಾನು ತಲೆಯಾಡಿಸುತ್ತ ಕೇಳುತ್ತಿದ್ದೆ, ಎಲ್ಲವೂ ಅರ್ಥವಾಗುತ್ತಿದೆ ಎಂಬ ತೃಪ್ತಿ ಇರುತ್ತಿತ್ತು. ಅಸೈನ್‌ಮೆಂಟ್ ಬಂದಾಗ ಪಾಠದ ಲಿಖಿತ ರೂಪವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಪ್ರಶ್ನೆಯಲ್ಲಿದ್ದ ಪದವನ್ನು ಅದರಲ್ಲಿ ಹುಡುಕಿ, ಅದರ ಸುತ್ತಲಿನ ವಾಕ್ಯ ನೋಡಿ ಉತ್ತರ ಗುರುತಿಸುತ್ತಿದ್ದೆ. ಹತ್ತಕ್ಕೆ ಹತ್ತು ಬರುತ್ತಿತ್ತು. ಮೂರನೆಯ ವಾರ ಮುಗಿದ ದಿನ ಸಹೋದ್ಯೋಗಿಯೊಬ್ಬರು ಊಟದ ಬಿಡುವಿನಲ್ಲಿ, “ಮೇಡಂ, ಮೊದಲ ವಾರ ಏನು ಹೇಳಿಕೊಟ್ಟರು?” ಎಂದು ಸಹಜವಾಗಿ ಕೇಳಿದರು. ನನ್ನಿಂದ ನಾಲ್ಕು ವಾಕ್ಯಗಳೂ ಹೊರಡಲಿಲ್ಲ.

ನಾಲ್ಕನೆಯ ವಾರದ ವಿಷಯ ನೆನಪು ಮತ್ತು ಮರೆವು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಗಂಟೆಗಳ ನಂತರ, ದಿನಗಳ ನಂತರ ಎಷ್ಟು ಉಳಿದಿದೆ ಎಂದು ತನ್ನನ್ನೇ ಪರೀಕ್ಷಿಸಿಕೊಂಡು, 1885ರಲ್ಲಿ ಆ ಫಲಿತಾಂಶಗಳನ್ನು ಪ್ರಕಟಿಸಿದ ಕಥೆ ಅದರಲ್ಲಿ ಬಂತು. ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಕೆಲವು ಗಂಟೆಗಳಲ್ಲಿಯೇ ಕೈಬಿಟ್ಟುಹೋಗುತ್ತದೆ, ಆಮೇಲೆ ಮರೆವಿನ ವೇಗ ನಿಧಾನವಾಗುತ್ತದೆ ಎಂಬುದು ಅವನು ಕಂಡುಕೊಂಡದ್ದು. ಅದೇ ವಾರ 2006ರ ಇನ್ನೊಂದು ಅಧ್ಯಯನದ ಪ್ರಸ್ತಾಪವೂ ಬಂತು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟು, ಕೆಲವರಿಗೆ ಅದನ್ನು ಮತ್ತೆ ಓದಲು, ಇನ್ನು ಕೆಲವರಿಗೆ ಪುಟ ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ನಂತರ ಕೇಳಿದಾಗ ಫಲಿತಾಂಶ ತಿರುಗಿಬಿತ್ತು, ನೆನಪಿನಿಂದ ಬರೆದವರು ಹೆಚ್ಚು ಉಳಿಸಿಕೊಂಡಿದ್ದರು. ಆ ವಿಡಿಯೊವನ್ನು ನಿಲ್ಲಿಸಿ, ನನ್ನ ಮೂರು ವಾರಗಳ ಓದನ್ನು ನೆನೆದುಕೊಂಡೆ. ಪಾಠದ ವಸ್ತುವೇ ನನ್ನ ಓದಿನ ದೋಷವನ್ನು ತೋರಿಸಿಕೊಟ್ಟಿತ್ತು. ನಾನು ಓದುತ್ತಿರುವ ಶಾಸ್ತ್ರಕ್ಕೆ ಮೊದಲ ಪ್ರಯೋಗಶಾಲೆ ನಾನೇ ಆಗಬೇಕು, ಎರಡನೆಯದು ನನ್ನ ತರಗತಿ ಎಂದು ಅಂದು ನಿಶ್ಚಯಿಸಿದೆ. ಕೋರ್ಸಿನ ಉಳಿದ ಭಾಗವೆಲ್ಲ ನಡೆದದ್ದು ಆ ನಿಶ್ಚಯದ ಮೇಲೆಯೇ.

ರೀತಿಯನ್ನು ಹೀಗೆ ಬದಲಾಯಿಸಿಕೊಂಡೆ. ರಾತ್ರಿಯ ಓದನ್ನು ಬಿಟ್ಟು ಬೆಳಗಿನ ಐದೂಕಾಲರಿಂದ ಆರರವರೆಗಿನ ಹೊತ್ತನ್ನು ಹಿಡಿದೆ, ಏಕೆಂದರೆ ನಮ್ಮೂರಿನಲ್ಲಿ ಆ ಹೊತ್ತಿಗೆ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ, ಮನೆಯೂ ಮೌನವಾಗಿರುತ್ತದೆ. ದಿನಕ್ಕೊಂದೇ ವಿಡಿಯೊ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಮೊಬೈಲನ್ನು ಮಗುಚಿಟ್ಟು, ಇದುವರೆಗೆ ಹೇಳಿದ್ದೇನು ಎಂದು ಖಾಲಿ ಹಾಳೆಯ ಮೇಲೆ ಬರೆಯುವುದು. ಬರೆಯಲಾಗದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದನ್ನು ಮಾತ್ರ ಮತ್ತೆ ಕೇಳುವುದು. ಎರಡನೆಯ ದಿನ ಹೊಸ ಪಾಠಕ್ಕೆ ಮೊದಲು ಹಿಂದಿನ ದಿನದ್ದನ್ನು, ಭಾನುವಾರ ಇಡೀ ವಾರದ್ದನ್ನು, ತಿಂಗಳ ಕೊನೆಯ ಭಾನುವಾರ ಅಲ್ಲಿಯವರೆಗಿನದನ್ನೆಲ್ಲ ಹಾಳೆಯ ಮೇಲೆ ನೆನಪಿನಿಂದ ಬರೆಯುವುದು. ಅಸೈನ್‌ಮೆಂಟನ್ನು ಮೊದಲು ಕಾಗದದ ಮೇಲೆ, ಏನನ್ನೂ ತೆರೆಯದೆ ಬಿಡಿಸುವುದು, ಆಮೇಲೆ ಪರಿಶೀಲಿಸಿ ಸಲ್ಲಿಸುವುದು. ಹೀಗೆ ಮೊದಲ ಸಲ ಕಾಗದದ ಮೇಲೆ ಬಿಡಿಸಿದಾಗ ನನಗೆ ಬಂದದ್ದು ಹತ್ತಕ್ಕೆ ಐದು. ಆ ಐದು ಅಂಕ ಹಿಂದಿನ ಮೂರು ಹತ್ತುಗಳಿಗಿಂತ ನಿಜವಾದ ಸುದ್ದಿ ಹೇಳುತ್ತಿತ್ತು. ಈ ಕ್ರಮ ಹಿಂದಿನದಕ್ಕಿಂತ ಕಷ್ಟದ್ದು ಎಂಬುದನ್ನು ಮುಚ್ಚಿಡುವುದಿಲ್ಲ. ಖಾಲಿ ಹಾಳೆಯ ಮುಂದೆ ಏನೂ ಹೊಳೆಯದೆ ಕೂರುವ ಎರಡು ನಿಮಿಷ ಬಹಳ ದೀರ್ಘವಾಗಿರುತ್ತದೆ, ವಿಡಿಯೊ ತೆರೆದುಬಿಡೋಣ ಎಂದು ಕೈ ತವಕಿಸುತ್ತದೆ. ಆದರೆ ನೆನಪು ಗಟ್ಟಿಯಾಗುವುದು ಆ ತಡಕಾಟದಲ್ಲಿಯೇ.

ಇನ್ನೊಂದು ತೊಡಕು ಭಾಷೆಯದು. ಪಾಠಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಡಿ.ಇಡಿ. ಪುಸ್ತಕದ ಪುನರ್ಬಲನ, ಅನುಬಂಧನ, ಅಭಿಪ್ರೇರಣೆ, ಸಂಜ್ಞಾನ ಎಂಬ ಕನ್ನಡ ಪದಗಳು ನನಗೆ ಗೊತ್ತಿದ್ದರೂ, ನಿಜ ಹೇಳಬೇಕೆಂದರೆ ಅವು ಇಂಗ್ಲಿಷಿನಷ್ಟೇ ದೂರದವಾಗಿದ್ದವು. ಆದ್ದರಿಂದ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟವನ್ನು ಮೂರು ಭಾಗ ಮಾಡಿದೆ. ಎಡಗಡೆ ಪಾರಿಭಾಷಿಕ ಪದ, ನಡುವೆ ನನ್ನ ಅತ್ತೆಗೆ ಹೇಳಿದರೂ ಅರ್ಥವಾಗುವಂಥ ಕನ್ನಡದ ಒಂದು ವಾಕ್ಯ, ಬಲಗಡೆ ನನ್ನ ಶಾಲೆಯಲ್ಲಿ ನಾನೇ ಕಂಡ ಒಂದು ಉದಾಹರಣೆ. ಮೂರನೆಯ ಭಾಗ ಖಾಲಿ ಉಳಿದ ಪದವನ್ನು ನಾನು ಕಲಿತ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಉದಾಹರಣೆಗೆ ಕಾರ್ಯ ಸ್ಮೃತಿ ಎಂಬ ಪದದ ನಡುವಿನ ಅಂಕಣದಲ್ಲಿ ‘ಒಂದೇ ಹೊತ್ತಿನಲ್ಲಿ ಮನಸ್ಸು ಹಿಡಿದುಕೊಂಡು ಕೆಲಸ ಮಾಡಬಲ್ಲಷ್ಟು ಸಾಮಾನು’ ಎಂದು ಬರೆದೆ. ಮೂರನೆಯ ಅಂಕಣಕ್ಕೆ ಉದಾಹರಣೆ ಹುಡುಕಲು ಹೊರಟಾಗ ನನ್ನದೇ ಮಾತು ಕಿವಿಗೆ ಬಿತ್ತು: “ಗಣಿತ ಪುಸ್ತಕ ತೆಗೀರಿ, ನಲವತ್ತೆರಡನೇ ಪುಟ, ಮೂರನೇ ಲೆಕ್ಕ, ಎಡಗಡೆ ದಿನಾಂಕ ಹಾಕಿ, ಮೊದಲು ಪೆನ್ಸಿಲಲ್ಲಿ ಮಾಡಿ.” ಐದು ಸೂಚನೆಗಳು ಒಂದೇ ಉಸಿರಿನಲ್ಲಿ. ಹಿಂದಿನ ಸಾಲಿನ ಮಕ್ಕಳು ಪ್ರತಿದಿನ “ಯಾವ ಪುಟ ಮಿಸ್?” ಎಂದು ಕೇಳುವುದಕ್ಕೆ ಅವರ ಉಡಾಫೆ ಕಾರಣವಲ್ಲ, ನನ್ನ ವಾಕ್ಯದ ಉದ್ದ ಕಾರಣ. ಅಂದಿನಿಂದ ಪುಟದ ಸಂಖ್ಯೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, ಒಂದು ಸೂಚನೆ ಮುಗಿದ ಮೇಲೆ ಇನ್ನೊಂದನ್ನು ಹೇಳತೊಡಗಿದೆ. ತರಗತಿಯ ಮೊದಲ ಹತ್ತು ನಿಮಿಷದ ಗದ್ದಲ ಬಹುಮಟ್ಟಿಗೆ ತಗ್ಗಿತು.

ಪುನರ್ಬಲನದ, ಅಂದರೆ ಒಂದು ವರ್ತನೆ ಮತ್ತೆ ಮತ್ತೆ ಬರುವಂತೆ ಬಲಗೊಳ್ಳುವುದರ ಪಾಠವನ್ನು ನನಗೆ ಬಿಡಿಸಿ ಹೇಳಿದವಳು ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳು. ಮನೋವಿಜ್ಞಾನಿ ಸ್ಕಿನ್ನರನ ಋಣಾತ್ಮಕ ಪುನರ್ಬಲನ ಮತ್ತು ಶಿಕ್ಷೆ ಎರಡೂ ಒಂದೇ ಎಂದು ನಾನು ವರ್ಷಗಟ್ಟಲೆ ತಿಳಿದಿದ್ದೆ, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುವ ಹಲವರು ಇಂದಿಗೂ ಹಾಗೆಯೇ ತಿಳಿದಿದ್ದಾರೆ. ಋಣಾತ್ಮಕ ಎಂಬ ಪದವೇ ದಾರಿ ತಪ್ಪಿಸುತ್ತದೆ. ಅಹಿತವಾದದ್ದೊಂದು ತೊಲಗಿದ್ದರಿಂದ ಒಂದು ವರ್ತನೆ ಬಲಗೊಳ್ಳುವುದು ಋಣಾತ್ಮಕ ಪುನರ್ಬಲನ, ವರ್ತನೆಯನ್ನು ಕುಗ್ಗಿಸುವುದು ಶಿಕ್ಷೆ. ಇದನ್ನು ನೆನಪಿನಿಂದ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಾಗ ಮಗಳು ತಿಂಡಿ ತಟ್ಟೆಯಿಂದ ತಲೆಯೆತ್ತಿ, “ಅಮ್ಮ, ನೀನು ಓದು ಓದು ಅನ್ನೋದು ನಿಲ್ಲಲಿ ಅಂತ ನಾನು ಪುಸ್ತಕ ಹಿಡ್ಕೊಂಡು ಕೂತ್ಕೋತೀನಲ್ಲ, ಅದೇ ತಾನೇ ಇದು?” ಎಂದಳು. ಅದೇ ಆಗಿತ್ತು. ಅವಳ ಮಾತಿನಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದಿನದನ್ನು ಕಂಡೆ: ನನ್ನ ಒತ್ತಾಯದಿಂದ ಬಲಗೊಂಡದ್ದು ಓದುವ ವರ್ತನೆಯಲ್ಲ, ಪುಸ್ತಕ ಹಿಡಿದು ಕೂರುವ ವರ್ತನೆ.

ಅದೇ ತರ್ಕವನ್ನು ತರಗತಿಗೆ ಕೊಂಡೊಯ್ದಾಗ ಸಿಕ್ಕ ಉತ್ತರ ನನ್ನನ್ನು ಬಹಳ ದಿನ ಚಿಂತೆಗೆ ಹಚ್ಚಿತು. ಮಕ್ಕಳು ಗಲಾಟೆ ಮಾಡುತ್ತಾರೆ, ನಾನು ಜೋರಾಗಿ ಕೂಗುತ್ತೇನೆ, ಗಲಾಟೆ ಅರೆಕ್ಷಣ ನಿಲ್ಲುತ್ತದೆ. ಅಹಿತವಾದದ್ದು ತೊಲಗಿತು, ಆದ್ದರಿಂದ ಬಲಗೊಂಡದ್ದು ನನ್ನ ಕೂಗು. ಮಕ್ಕಳನ್ನು ನಾನು ತಿದ್ದುತ್ತಿದ್ದೇನೆಂದು ತಿಳಿದಿದ್ದ ಅಷ್ಟೂ ವರ್ಷ, ಕೂಗುವ ಅಭ್ಯಾಸವನ್ನು ನನ್ನಲ್ಲಿ ಆ ಅರೆಕ್ಷಣದ ಮೌನ ಬೆಳೆಸುತ್ತ ಬಂದಿತ್ತು. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಕಾಯ್ದೆಯನ್ನು ತಿಳಿದಿದ್ದರೂ ಬಿಡಲಾಗದ ಅಭ್ಯಾಸವೊಂದು ಹೇಗೆ ನಿಂತಿದೆ ಎಂಬುದನ್ನು ತಿಳಿದ ಮೇಲೆ ಬಿಡುವುದು ಸಾಧ್ಯವಾಯಿತು. ಈಗ ಗಲಾಟೆಯಾದಾಗ ಮೇಜಿನ ಪಕ್ಕಕ್ಕೆ ಬಂದು ಕೈ ಎತ್ತಿ ನಿಲ್ಲುತ್ತೇನೆ. ಮೌನ ಬರಲು ಇಪ್ಪತ್ತು ಸೆಕೆಂಡಾದರೂ ಬೇಕು, ಮೊದಲ ವಾರವಂತೂ ಒಂದು ನಿಮಿಷಕ್ಕೂ ಹೆಚ್ಚು ಬೇಕಾಗಿತ್ತು.

ಪಿಯಾಜೆಯ ವಾರ ಬಂದಾಗ ನಾನು ಮನೆಯಿಂದ ಸಾಮಾನು ಹೊತ್ತುಕೊಂಡು ಹೋದೆ. ಒಂದೇ ಅಳತೆಯ ಎರಡು ಸ್ಟೀಲ್ ಲೋಟ, ಉದ್ದನೆಯ ಕಿರಿದಾದ ಒಂದು ಗಾಜಿನ ಬಾಟಲಿ, ಒಂದು ಚೊಂಬು ನೀರು. ಒಂದನೆಯ ತರಗತಿಯ ಒಂದು ಹುಡುಗಿಯನ್ನು ಜಗುಲಿಯಲ್ಲಿ ಕೂರಿಸಿಕೊಂಡು, ಎರಡೂ ಲೋಟಗಳಿಗೆ ಸಮನಾಗಿ ನೀರು ಹಾಕಿ, “ಎರಡರಲ್ಲೂ ಒಂದೇ ಸಮ ಇದೆಯಾ?” ಎಂದೆ. ಅವಳು ಬಗ್ಗಿ, ಕಣ್ಣನ್ನು ಲೋಟದ ಅಂಚಿಗೆ ತಂದು ನೋಡಿ, ಒಂದರಲ್ಲಿ ಸ್ವಲ್ಪ ಕಡಿಮೆ ಇದೆ ಎಂದು ಚೊಂಬಿನಿಂದ ತಾನೇ ಒಂದೆರಡು ಹನಿ ಹಾಕಿ, “ಈಗ ಸಮ” ಎಂದಳು. ಅವಳ ಎದುರಿಗೇ ಒಂದು ಲೋಟದ ನೀರನ್ನು ಬಾಟಲಿಗೆ ಸುರಿದೆ. “ಈಗ?” ಎಂದೆ. “ಬಾಟ್ಲೀಲಿ ಜಾಸ್ತಿ.” “ಯಾಕಮ್ಮ?” “ಇಲ್ಲೀವರೆಗೂ ಬಂದಿದೆ ನೋಡಿ ಮಿಸ್” ಎಂದು ಬಾಟಲಿಯ ಮೇಲ್ಭಾಗಕ್ಕೆ ಬೆರಳಿಟ್ಟು ತೋರಿಸಿದಳು. ಹನಿ ಹನಿ ಲೆಕ್ಕ ಹಾಕಿ ಸಮ ಮಾಡಿದ ಅದೇ ಮಗು. ಸುಳ್ಳು ಹೇಳುತ್ತಿರಲಿಲ್ಲ, ಊಹಿಸುತ್ತಿರಲಿಲ್ಲ, ಕಂಡದ್ದನ್ನು ಹೇಳುತ್ತಿದ್ದಳು. ಐದನೆಯ ತರಗತಿಯ ಅವಳ ಅಣ್ಣನನ್ನು ಕರೆದು ಅದನ್ನೇ ಕೇಳಿದೆ. ಅವನು ಬಾಟಲಿಯ ಕಡೆ ಸರಿಯಾಗಿ ನೋಡಲೂ ಇಲ್ಲ, “ಅದೇ ನೀರಲ್ವಾ ಮಿಸ್, ವಾಪಸ್ ಸುರಿದ್ರೆ ಅಷ್ಟೇ ಆಗುತ್ತೆ” ಎಂದ. ಡಿ.ಇಡಿ.ಯಲ್ಲಿ ನಾನು ಬಾಯಿಪಾಠ ಮಾಡಿದ್ದ ‘ಪರಿಮಾಣದ ನಿತ್ಯತೆ’ (ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂಬ ತಿಳಿವು) ಮತ್ತು ‘ವಿಪರ್ಯಯ ಚಿಂತನೆ’ (ನಡೆದದ್ದನ್ನು ಮನಸ್ಸಿನಲ್ಲಿಯೇ ಹಿಂದಕ್ಕೆ ತಿರುಗಿಸಿ ನೋಡುವುದು) ಎಂಬ ಎರಡು ಶಬ್ದಗಳು ಆ ಜಗುಲಿಯಲ್ಲಿ ಅಣ್ಣ ತಂಗಿಯರಾಗಿ ನನ್ನ ಎದುರು ಕುಳಿತಿದ್ದವು.

ಕೋರ್ಸು ಪಿಯಾಜೆಯಲ್ಲಿಯೇ ನಿಲ್ಲಲಿಲ್ಲ ಎಂಬುದು ನನಗೆ ಮೆಚ್ಚುಗೆಯಾದ ಸಂಗತಿ. ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಲಾಗಿ ಜೋಡಿಸಿದ ವಸ್ತುಗಳನ್ನು ದೊಡ್ಡವರು ಬೇಕೆಂದೇ ಸರಿಸುವ ಬದಲು ತುಂಟ ಗೊಂಬೆ ಕರಡಿಯೊಂದು ಬಂದು ಕೆಡಿಸಿದಂತೆ ಮಾಡಿದಾಗ, ಸಂಖ್ಯೆ ಬದಲಾಗಿಲ್ಲ ಎಂದು ಹೇಳಿದ ಚಿಕ್ಕ ಮಕ್ಕಳ ಪ್ರಮಾಣ ಬಹಳ ಹೆಚ್ಚಾಯಿತು. ದೊಡ್ಡವರು ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ, ಮೊದಲಿನ ಉತ್ತರ ತಪ್ಪಿರಬೇಕೆಂದು ಮಗು ಭಾವಿಸುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಇದನ್ನು ಓದಿದ ಮೇಲೆ ನನ್ನ ಪ್ರಶ್ನೆಗಳ ಬಗ್ಗೆಯೇ ನನಗೆ ಎಚ್ಚರ ಹುಟ್ಟಿತು. ಮಗು ಸರಿಯಾಗಿ ಉತ್ತರಿಸಿದಾಗಲೂ “ಹೌದಾ? ಸರಿಯಾಗಿ ನೋಡು” ಎನ್ನುವ ರೂಢಿ ನನಗಿತ್ತು, ಎಷ್ಟೋ ಮಕ್ಕಳು ಒಡನೆಯೇ ಉತ್ತರ ಬದಲಾಯಿಸಿಬಿಡುತ್ತಿದ್ದರು. ಆಗ ಅದನ್ನು ನಾನು ಅವರ ಅಜ್ಞಾನವೆಂದು ಎಣಿಸಿದ್ದೆ.

ರಷ್ಯಾದ ಮನೋವಿಜ್ಞಾನಿ ವೈಗಾಟ್‌ಸ್ಕಿಯನ್ನು ಅರ್ಥ ಮಾಡಿಕೊಳ್ಳಲು ಕರ್ನಾಟಕದ ಪ್ರಾಥಮಿಕ ಶಿಕ್ಷಕರಿಗೆ ಒಂದು ಅನುಕೂಲವಿದೆ, ಅದು ನಲಿ ಕಲಿ. 1995ರಲ್ಲಿ ಹೆಗ್ಗಡದೇವನ ಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಆಮೇಲೆ ಇಡೀ ರಾಜ್ಯಕ್ಕೆ ಹರಡಿದ ಈ ಚಟುವಟಿಕೆಯ ಕಲಿಕಾ ಪದ್ಧತಿಯಲ್ಲಿ ಮಕ್ಕಳು ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರಿಗೆ ಒಂದು ತಟ್ಟೆ, ಸ್ವಲ್ಪ ಬೆಂಬಲ ಸಾಕಾದವರಿಗೆ ಇನ್ನೊಂದು, ಸಹಪಾಠಿಯ ನೆರವಿನಿಂದ ಕಲಿಯುವವರಿಗೆ ಬೇರೆ, ತಾವೇ ಕಲಿಯಬಲ್ಲವರಿಗೆ ಬೇರೆ. ನಲಿ ಕಲಿ ತರಗತಿಯನ್ನು ಐದು ವರ್ಷ ನಡೆಸಿದ ನಾನು, ತಟ್ಟೆಯ ಹೆಸರು ಹಾಕುವುದನ್ನೂ ಪ್ರಗತಿ ನೋಟ ತುಂಬುವುದನ್ನೂ ಶ್ರದ್ಧೆಯಿಂದ ಮಾಡಿದ್ದೆ, ಆದರೆ ಏಕೆ ಹೀಗೆ ಎಂದು ಕೇಳಿಕೊಂಡಿರಲಿಲ್ಲ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಜಾಗವೇ ಕಲಿಕೆ ನಡೆಯುವ ಜಾಗ ಎಂಬ ವೈಗಾಟ್‌ಸ್ಕಿಯ ಮಾತನ್ನು ಕೇಳಿದಾಗ, ಹಳೆಯ ತಟ್ಟೆಗಳ ಚಿತ್ರ ಕಣ್ಣ ಮುಂದೆ ಬಂತು. ನೆರವನ್ನು ಕೊಡುವುದರಷ್ಟೇ ಅದನ್ನು ಹಂತ ಹಂತವಾಗಿ ಹಿಂದಕ್ಕೆ ತೆಗೆದುಕೊಳ್ಳುವುದೂ ಮುಖ್ಯ ಎಂಬುದು ನನಗೆ ಹೊಸದಾಗಿ ಮನದಟ್ಟಾದ ಅಂಶ. ಒಂದೇ ತಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿದುಬಿಟ್ಟ ಮಕ್ಕಳನ್ನು ನೆನೆದಾಗ ಈಗಲೂ ಮನಸ್ಸು ಭಾರವಾಗುತ್ತದೆ.

ಕಳೆಯುವ ಲೆಕ್ಕದ ಹುಡುಗನ ಬಳಿ ನಾನು ಮರಳಿದ್ದು ಏಳನೆಯ ವಾರದಲ್ಲಿ. ಮಕ್ಕಳ ತಪ್ಪುಗಳು ಅಡ್ಡಾದಿಡ್ಡಿಯಾಗಿ ಬರುವುದಿಲ್ಲ, ಅವುಗಳ ಹಿಂದೆ ಮಗುವಿನದೇ ಆದ ಒಂದು ನಿಯಮವಿರುತ್ತದೆ, ಅದನ್ನು ಹುಡುಕಬೇಕೆಂದರೆ ಮಗುವನ್ನೇ ಕೇಳಬೇಕು ಎಂದು ಪಾಠದಲ್ಲಿ ಹೇಳಿದ್ದರು. ಶಾಲೆ ಬಿಟ್ಟ ಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಇದನ್ನ ಹೇಗೆ ಮಾಡಿದೆ ಅಂತ ನನಗೆ ಹೇಳಿಕೊಡು” ಎಂದೆ. ಅವನು ಬಿಡಿಸ್ಥಾನಕ್ಕೆ ಬೆರಳಿಟ್ಟು, “ಎರಡು, ಏಳು. ಏಳು ದೊಡ್ಡದು. ದೊಡ್ಡದ್ರಲ್ಲಿ ಚಿಕ್ಕದು ಕಳೀಬೇಕು ಅಂತ ನೀವೇ ಹೇಳಿದ್ರಲ್ಲ ಮಿಸ್” ಎಂದ. ಹೇಳಿದ್ದು ನಿಜ. ಎರಡನೆಯ ತರಗತಿಯಲ್ಲಿ ಒಂದಂಕಿಯ ಲೆಕ್ಕ ಕಲಿಸುವಾಗ ನಾನೇ ಹೇಳಿದ್ದ ಮಾತನ್ನು ಅವನು ಎರಡು ವರ್ಷ ನಿಷ್ಠೆಯಿಂದ ಪಾಲಿಸಿದ್ದ. ನಾನು ಅದಕ್ಕೆ ಗಮನವಿಟ್ಟು ಮಾಡು ಎಂದು ಬರೆದಿದ್ದೆ.

ಮರುದಿನ ಬೆಂಕಿಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಹತ್ತರ ಐದು ಕಟ್ಟುಗಳನ್ನು ಮಾಡಿ, ಎರಡು ಬಿಡಿ ಕಡ್ಡಿಗಳ ಜೊತೆಗೆ ಅವನ ಕೈಗಿಟ್ಟೆ. “ನಿನ್ನ ಹತ್ರ ಐವತ್ತೆರಡಿದೆ. ನನಗೆ ಇಪ್ಪತ್ತೇಳು ಕೊಡು” ಎಂದೆ. ಎರಡು ಕಟ್ಟುಗಳನ್ನು ತಕ್ಷಣ ಕೊಟ್ಟ. ಆಮೇಲೆ ಎರಡು ಬಿಡಿ ಕಡ್ಡಿಗಳನ್ನು ನೋಡುತ್ತ ಕೂತ. “ಸಾಲಲ್ಲ ಮಿಸ್.” ಅಲ್ಲಿ ಬಾಯಿ ತೆರೆಯದೆ ಇರಲು ನಾನು ಬಹಳ ಪ್ರಯಾಸಪಟ್ಟೆ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಸೆಕೆಂಡು ಕಾಯುತ್ತಾರೆ, ಮೂರು ಸೆಕೆಂಡು ಕಾದರೂ ಮಕ್ಕಳ ಉತ್ತರಗಳ ಗುಣ ಬದಲಾಗುತ್ತದೆ ಎಂದು ಮೇರಿ ಬಡ್ ರೋವ್ 1970ರ ದಶಕದಲ್ಲಿ ತೋರಿಸಿಕೊಟ್ಟಿದ್ದನ್ನು ಆ ವಾರವಷ್ಟೇ ಓದಿದ್ದೆ. ಅವನು ಕಡ್ಡಿಗಳನ್ನು ಎತ್ತಿದ, ಇಟ್ಟ, ಕಟ್ಟುಗಳನ್ನು ಎಣಿಸಿದ, ನನ್ನ ಮುಖ ನೋಡಿದ. ಕೊನೆಗೆ, “ಕಟ್ಟು ಬಿಚ್ಚಬಹುದಾ?” ಎಂದು ಕೇಳಿದ. ಬಿಚ್ಚಿದ. ಹನ್ನೆರಡು ಬಿಡಿಗಳಲ್ಲಿ ಏಳನ್ನು ಎಣಿಸಿ ಕೊಟ್ಟು, ಉಳಿದದ್ದನ್ನು ನೋಡಿ, ಪುಸ್ತಕದಲ್ಲಿ ತಾನು ಬರೆದಿದ್ದ 35ನ್ನು ನೋಡಿ, ನಾನು ಹೇಳುವ ಮೊದಲೇ ರಬ್ಬರ್ ತೆಗೆದುಕೊಂಡು ಅಳಿಸಿದ. ಹತ್ತನ್ನು ಬಿಡಿಗಳಾಗಿ ಬಿಡಿಸುವುದನ್ನು ಬೋರ್ಡಿನ ಮೇಲೆ ನಾನು ಎಷ್ಟು ಸಲ ಮಾಡಿ ತೋರಿಸಿದ್ದೆನೋ ಲೆಕ್ಕವಿಲ್ಲ.

ಎಲ್ಲ ವಾರಗಳೂ ಹೀಗಿರಲಿಲ್ಲ. ಬುದ್ಧಿಶಕ್ತಿಯ ಮಾಪನದ ವಾರದಲ್ಲಿ ಹೆಸರುಗಳೆಲ್ಲ ಹೊರದೇಶದವೇ ಆಗಿದ್ದವು. ಫ್ರಾನ್ಸಿನಲ್ಲಿ ಬಿನೆ ಮತ್ತು ಸೈಮನ್ 1905ರಲ್ಲಿ ರೂಪಿಸಿದ ಮಾಪಕವನ್ನು ಧಾರವಾಡದಲ್ಲಿ ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿಯೇ ಮನೋವಿಜ್ಞಾನ ವಿಭಾಗ ಆರಂಭವಾಯಿತು ಎಂಬುದನ್ನು ನಾನು ಬೇರೆ ಕಡೆ ಹುಡುಕಿ ಓದಿಕೊಂಡೆ. ಈ ಶಾಸ್ತ್ರ ನಮ್ಮ ಮಕ್ಕಳನ್ನು ನೋಡಿಯೂ ಬೆಳೆದಿದೆ ಎಂದು ತಿಳಿದ ಮೇಲೆ ಆ ವಾರದ ಓದು ಹಗುರವಾಯಿತು. ಹಾಗೆಯೇ, ಹಿಂದೆ ತರಬೇತಿಯೊಂದರಲ್ಲಿ, ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಬೇಕೆಂದು ಹೇಳಿಕೊಟ್ಟಿದ್ದನ್ನು ನಾನು ಪೂರ್ತಿ ನಂಬಿದ್ದೆ. ಅಂಥ ವಿಂಗಡಣೆಯಿಂದ ಕಲಿಕೆ ಹೆಚ್ಚುತ್ತದೆ ಎನ್ನಲು ತಕ್ಕ ಪುರಾವೆಯಿಲ್ಲ ಎಂದು 2008ರ ಪ್ರಮುಖ ವಿಮರ್ಶೆಯೊಂದು ಹೇಳಿರುವುದು ಈ ಕೋರ್ಸಿನಿಂದ ತಿಳಿಯಿತು. ಪ್ರತಿ ಪಾಠವನ್ನೂ ಎಲ್ಲ ಮಕ್ಕಳೂ ನೋಡಲಿ, ಕೇಳಲಿ, ಮಾಡಲಿ ಎಂಬುದೇ ಈಗ ನನ್ನ ನಿಲುವು.

ಶಿಕ್ಷಕರ ನಿರೀಕ್ಷೆಯ ಪಾಠವನ್ನು ಇಲ್ಲಿ ಬಿಡಲಾರೆ. ರೋಸೆಂತಾಲ್ ಮತ್ತು ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾವ ಆಧಾರವೂ ಇಲ್ಲದೆ ಆರಿಸಿದ ಮಕ್ಕಳ ಹೆಸರುಗಳನ್ನು ಕೊಟ್ಟು, ಇವರು ಈ ವರ್ಷ ಮುಂದೆ ಬರುತ್ತಾರೆ ಎಂದು ಶಿಕ್ಷಕರಿಗೆ ಹೇಳಲಾಗಿತ್ತು. ಒಂದನೆಯ ಮತ್ತು ಎರಡನೆಯ ತರಗತಿಗಳಲ್ಲಿ ಆ ಮಕ್ಕಳ ಬುದ್ಧಿಶಕ್ತಿ ಪರೀಕ್ಷೆಯ ಅಂಕಗಳು ಉಳಿದವರಿಗಿಂತ ಹೆಚ್ಚು ಏರಿದವು. ಆ ಪ್ರಯೋಗದ ಮೇಲೆ ಆಮೇಲೆ ಬಹಳ ಟೀಕೆಗಳು ಬಂದವು, ಪರಿಣಾಮ ಮೊದಲು ಹೇಳಿದಷ್ಟು ದೊಡ್ಡದಲ್ಲ ಎಂಬ ಮಾತೂ ಬಂತು. ಪರಿಣಾಮ ಎಷ್ಟು ದೊಡ್ಡದು ಎಂಬ ಚರ್ಚೆ ಏನೇ ಇರಲಿ, ನನ್ನ ವರ್ತನೆಯನ್ನು ನಾನು ಅಳೆಯಬಹುದಿತ್ತು. ಒಂದು ವಾರ ಹಾಜರಾತಿ ಪಟ್ಟಿಯ ಪ್ರತಿಯೊಂದನ್ನು ಮೇಜಿನ ಮೇಲಿಟ್ಟುಕೊಂಡು, ಯಾರಿಗೆ ಪ್ರಶ್ನೆ ಕೇಳಿದೆನೋ ಅವರ ಹೆಸರಿನ ಮುಂದೆ ಒಂದು ಗೆರೆ ಹಾಕುತ್ತ ಹೋದೆ. ಶನಿವಾರ ಎಣಿಸಿದರೆ, 27 ಮಕ್ಕಳಲ್ಲಿ ಆರು ಮಂದಿಗೆ ಹತ್ತಕ್ಕಿಂತ ಹೆಚ್ಚು ಗೆರೆಗಳು, ಒಂಬತ್ತು ಮಂದಿಗೆ ಒಂದೂ ಇಲ್ಲ. ಆ ಒಂಬತ್ತು ಹೆಸರುಗಳನ್ನು ಒಂದೊಂದಾಗಿ ಓದಿದೆ. ಒಂದು ವಾರ ಪೂರ್ತಿ ನನ್ನ ಬಾಯಿಂದ ತಮ್ಮ ಹೆಸರನ್ನು ಹಾಜರಿ ಕೂಗುವಾಗ ಮಾತ್ರ ಕೇಳಿದ ಮಕ್ಕಳು ಅವರು. ಅವರಲ್ಲಿ ಇಬ್ಬರು ಹುಡುಗಿಯರ ಧ್ವನಿ ಹೇಗಿದೆ ಎಂದು ಆ ಕ್ಷಣದಲ್ಲಿ ನನಗೆ ನೆನಪಿಗೇ ಬರಲಿಲ್ಲ. ಈಗ ಪ್ರತಿ ಮಗುವಿನ ಹೆಸರನ್ನೂ ಒಂದೊಂದು ರಟ್ಟಿನ ಚೂರಿನ ಮೇಲೆ ಬರೆದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ಪ್ರಶ್ನೆ ಕೇಳಿ, ಕಾದು, ಆಮೇಲೆ ಚೂರನ್ನು ಎತ್ತುತ್ತೇನೆ.

ವ್ಯಾವಹಾರಿಕವಾದ ಒಂದೆರಡು ಮಾತು. ಅಸೈನ್‌ಮೆಂಟಿನ ಗಡುವು ಬುಧವಾರ ರಾತ್ರಿ ಇರುತ್ತಿತ್ತು. ಆರನೆಯ ವಾರ ಕೊನೆಯ ಗಂಟೆಯವರೆಗೆ ಬಿಟ್ಟುಕೊಂಡೆ, ಸಂಜೆ ಗಾಳಿ ಮಳೆಗೆ ಕರೆಂಟ್ ಹೋಯಿತು, ಮೊಬೈಲಿನ ಚಾರ್ಜೂ ಮುಗಿಯಿತು, ಆ ವಾರದ ಅಂಕ ಸೊನ್ನೆ. ಉತ್ತಮವಾದ ಎಂಟನ್ನು ಮಾತ್ರ ಎಣಿಸುವ ನಿಯಮ ಇದ್ದುದರಿಂದ ನಷ್ಟವಾಗಲಿಲ್ಲ, ಆದರೆ ಅಂದಿನಿಂದ ಸೋಮವಾರವೇ ಸಲ್ಲಿಸುವುದನ್ನು ರೂಢಿ ಮಾಡಿಕೊಂಡೆ. ಎಂಟು, ಒಂಬತ್ತನೆಯ ವಾರಗಳಲ್ಲಿ ಶಾಲೆಯ ಸಂಕಲನಾತ್ಮಕ ಮೌಲ್ಯಮಾಪನದ ಕೆಲಸವೂ ಸೇರಿಕೊಂಡು ಬೆಳಗಿನ ಓದು ಐದು ದಿನ ತಪ್ಪಿತು. ನಮ್ಮ ಕ್ಲಸ್ಟರಿನ ಇನ್ನೊಬ್ಬ ಶಿಕ್ಷಕಿಯೂ ಅದೇ ಕೋರ್ಸಿಗೆ ಸೇರಿದ್ದರು, ಭಾನುವಾರ ಸಂಜೆ ಫೋನಿನಲ್ಲಿ ಅರ್ಧ ಗಂಟೆ ಒಬ್ಬರಿಗೊಬ್ಬರು ಆ ವಾರದ ಪಾಠ ಒಪ್ಪಿಸುವ ಕರಾರು ನಮ್ಮಲ್ಲಿತ್ತು. ಅವರು ಕಾಯುತ್ತಿರುತ್ತಾರೆ ಎಂಬ ಒಂದು ಕಾರಣವಿಲ್ಲದಿದ್ದರೆ ಆ ಎರಡು ವಾರಗಳಲ್ಲಿ ನಾನು ಕೋರ್ಸನ್ನೇ ಬಿಡುತ್ತಿದ್ದೆನೇನೋ.

ಪರೀಕ್ಷೆ ಬೆಂಗಳೂರಿನ ಕೇಂದ್ರವೊಂದರಲ್ಲಿ, ಕಂಪ್ಯೂಟರಿನ ಮುಂದೆ. ಮಧ್ಯಾಹ್ನದ ಸರದಿ ಆರಿಸಿಕೊಂಡದ್ದರಿಂದ ಬೆಳಗಿನ ರೈಲಿಗೆ ಹೊರಟರೂ ಸಾಕಾಯಿತು. ರೈಲಿನಲ್ಲಿ ಏನನ್ನೂ ಓದದೆ, ಹನ್ನೆರಡು ವಾರಗಳ ಶೀರ್ಷಿಕೆಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಂಡು, ಪ್ರತಿಯೊಂದರ ಕೆಳಗೆ ಮನಸ್ಸಿನಲ್ಲಿಯೇ ವಿವರ ತುಂಬುತ್ತ ಹೋದೆ. ಪ್ರಶ್ನೆಗಳಲ್ಲಿ ಹಲವು ತರಗತಿಯ ಸನ್ನಿವೇಶ ಕೊಟ್ಟು ತತ್ವವನ್ನು ಗುರುತಿಸುವಂಥವು. ಆ ಸನ್ನಿವೇಶಗಳನ್ನು ಓದುವಾಗ ಬಾಟಲಿಗೆ ಬೆರಳಿಟ್ಟ ಹುಡುಗಿ, ಕಟ್ಟು ಬಿಚ್ಚಿದ ಹುಡುಗ ಕಣ್ಣಿಗೆ ಕಟ್ಟುತ್ತಿದ್ದರು, ಉತ್ತರಕ್ಕೆ ಹೆಚ್ಚು ತಡಕಾಡಬೇಕಾಗಲಿಲ್ಲ. ಒಟ್ಟು ಶೇ. 71 ಅಂಕ ಬಂತು.

ಫಲಿತಾಂಶ ಬಂದು ಆರು ತಿಂಗಳಾದ ಮೇಲೆ, ಬೇಸಿಗೆ ರಜೆಯ ಒಂದು ಬೆಳಿಗ್ಗೆ, ನೋಟ್‌ಬುಕ್ ತೆರೆಯದೆ ಹನ್ನೆರಡು ಖಾಲಿ ಹಾಳೆಗಳನ್ನು ತೆಗೆದುಕೊಂಡು ವಾರಕ್ಕೊಂದರಂತೆ ಬರೆಯಲು ಕುಳಿತೆ. ಒಂಬತ್ತು ಹಾಳೆಗಳು ತುಂಬಿದವು. ಮೊದಲ ಮೂರು ವಾರಗಳ ಹಾಳೆಗಳಲ್ಲಿ, ಮುಂದೆ ಭಾನುವಾರಗಳಂದು ಮತ್ತೆ ನೆನೆದು ಬರೆದಿದ್ದ ಭಾಗಗಳು ಮಾತ್ರ ಉಳಿದಿದ್ದವು. ಎಂಟು, ಒಂಬತ್ತನೆಯ ವಾರಗಳ ಹಾಳೆಗಳ ಮೇಲೆ ಶೀರ್ಷಿಕೆಯ ಕೆಳಗೆ ಎರಡೆರಡು ಸಾಲು. ಹನ್ನೊಂದನೆಯದು, ಅಂಕಿ ಅಂಶಗಳ ವಿಶ್ಲೇಷಣೆಯ ವಾರ, ಪೂರ್ತಿ ಖಾಲಿ. ನೋಟ್‌ಬುಕ್ ತೆರೆದು ನೋಡಿದೆ. ಎಂಟು, ಒಂಬತ್ತು, ಹನ್ನೊಂದನೆಯ ವಾರಗಳ ಪುಟಗಳಲ್ಲಿ ಬಲಗಡೆಯ ಅಂಕಣ, ನನ್ನ ಶಾಲೆಯ ಉದಾಹರಣೆ ಬರೆಯಬೇಕಾಗಿದ್ದ ಜಾಗ, ಬಿಳಿಯಾಗಿಯೇ ಉಳಿದಿತ್ತು. ಜೂನ್‌ನಲ್ಲಿ ಶಾಲೆ ಆರಂಭವಾದ ಮೇಲೆ ಎಂಟನೆಯ ವಾರದ ಮೊದಲ ವಿಡಿಯೊದಿಂದ ಮತ್ತೆ ಶುರುಮಾಡಿದ್ದೇನೆ, ಈಗ ಐದನೆಯ ತರಗತಿಗೆ ಬಂದಿರುವ ಆ ಹುಡುಗನ ಭಾಗಾಕಾರದ ಪುಟವನ್ನು ಪಕ್ಕದಲ್ಲಿಟ್ಟುಕೊಂಡು.